ಊರಿಗೆ ಹೊರಟವರ ಬಟ್ಟೆ

ನನಗೆ ಆಗ ಹತ್ತು ವರ್ಷ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆ ಕೇಳಿದವರೆಲ್ಲ ‘ಅಷ್ಟೂ ಗೊತ್ತಾಗಲಿಲ್ವಾ ನಿಂಗೆ?’ ಅಂತ ಕೇಳುತ್ತಾರೆ. ಗೊತ್ತಾಗಲಿಲ್ಲ. ಹತ್ತು ವರ್ಷಕ್ಕೆ ನಿಮಗೆ ಏನೇನು ಗೊತ್ತಿತ್ತು, ಸ್ವಲ್ಪ ನೆನಪು ಮಾಡಿಕೊಳ್ಳಿ.

ಅಪ್ಪನದು ಇಸ್ತ್ರಿ ಅಂಗಡಿ. ಎಂಟು ಮಹಡಿಯ ಕಟ್ಟಡದ ಕೆಳಗೆ, ಮೆಟ್ಟಿಲ ಸಂದಿಯಲ್ಲಿ ಒಂದು ಮೇಜು, ಎರಡು ಇಸ್ತ್ರಿಪೆಟ್ಟಿಗೆ, ಹಲಗೆಯ ಮೇಲೆ ಬಟ್ಟೆ ಗಂಟುಗಳು. ಮನೆಗಳವರೇ ಗಂಟು ತಂದುಹಾಕಿ, ಸಾಯಂಕಾಲ ಬಂದು ಒಯ್ಯುತ್ತಿದ್ದರು. ಅಪ್ಪ ಯಾರ ಮನೆಯ ಹೊಸಿಲನ್ನೂ ತುಳಿದವನಲ್ಲ. ಶಾಲೆ ಮುಗಿದ ಮೇಲೆ ಗಂಟು ಬಿಚ್ಚಿ ನೀರು ಚಿಮುಕಿಸುವುದು ನನ್ನ ಕೆಲಸ.

ಗಂಟು ಬಿಚ್ಚಿದರೆ ಆ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನನಗೆ ತಿಳಿದುಬಿಡುತ್ತಿತ್ತು. ಸುಡುಬಿಸಿಲಿನಲ್ಲಿ ಸ್ವೆಟರ್ ಬಂತೆಂದರೆ ಚಳಿ ಊರಿಗೆ ಹೊರಟಿದ್ದಾರೆ. ತಲೆಗೆ ಏಳು ಜೊತೆ ಬಟ್ಟೆ ಒಟ್ಟಿಗೇ ಬಂದು, ‘ಗುರುವಾರದೊಳಗೆ ಬೇಕೇ ಬೇಕು’ ಅಂದರೆ ಶುಕ್ರವಾರದಿಂದ ಒಂದು ವಾರ ಮನೆಗೆ ಬೀಗ. ಒಮ್ಮೆ ಹಲ್ಲಿನ ಡಾಕ್ಟರ ಹೆಂಡತಿಗೆ ‘ಎಷ್ಟು ದಿನಕ್ಕೆ ಹೋಗ್ತಿದೀರಾ ಆಂಟಿ?’ ಅಂದುಬಿಟ್ಟೆ. ಅವರು ಹೋದದ್ದೇ ತಡ, ಅಪ್ಪ ನನ್ನ ಕಿವಿ ಹಿಂಡಿದ.

‘ಬಟ್ಟೇಲಿ ಕಂಡದ್ದು ಬಾಯಿಗೆ ಬರಬಾರ್ದು. ನಮಗೇನೂ ಗೊತ್ತಿಲ್ಲ. ಯಾರು ಕೇಳಿದ್ರೂ ಗೊತ್ತಿಲ್ಲ. ತಿಳೀತಾ?’

ತಿಳಿಯಿತು. ಆದರೆ ಮಾಮ ‘ಯಾರೋ’ ಅಲ್ಲವಲ್ಲ!

ಮಾಮ ಅಂದರೆ ಅಮ್ಮನ ತಮ್ಮ. ಅಮ್ಮನೇ ಎತ್ತಿ ಆಡಿಸಿ ಬೆಳೆಸಿದವನು. ಅವನು ಬಾಗಿಲಲ್ಲಿ ಕಂಡರೆ ಸಾಕು, ಅಮ್ಮನ ಮುಖ ಊರಗಲವಾಗುತ್ತಿತ್ತು. ಅವನಿಗೆ ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ನೀಲಿ ಅಂಗಿ, ಎದೆಯ ಮೇಲೆ ಲಾರಿಯ ಚಿತ್ರ. ಬಂದಾಗಲೆಲ್ಲ ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಐಸ್‌ಕ್ರೀಮಿಗೆ ಒಯ್ಯುತ್ತಿದ್ದ. ‘ಏನಮ್ಮಾ ಪತ್ತೇದಾರಿ, ಈ ವಾರ ಯಾರು ಹೊರಟಿದಾರೆ? ಹೇಳು ನೋಡೋಣ,’ ಅನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಸರಿಯಾಗಿದ್ದರೆ ಮುಂದಿನ ಸಲ ಎರಡು ಐಸ್‌ಕ್ರೀಮು. ಒಂದು ಸಲವೂ ನನ್ನದು ತಪ್ಪಲಿಲ್ಲ.

ಒಂದು ಭಾನುವಾರ ಅವನ ಆಫೀಸಿಗೂ ಕರೆದೊಯ್ದ. ಗೋಡೆಯ ಮೇಲೆ ಪೇಟೆಯ ನಕ್ಷೆ, ಮೂಲೆಯಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ಮೇಜಿನ ಹಿಂದೆ ಬೋಳುತಲೆಯ ಸಾಹುಕಾರ ಕೂತಿದ್ದ. ಮಾಮ ನನ್ನ ಭುಜದ ಮೇಲೆ ಕೈಯಿಟ್ಟು, ‘ಇವಳೇ ಸಾರ್, ಅಂದೆನಲ್ಲ,’ ಅಂದ. ಸಾಹುಕಾರ ಎದ್ದು ನಿಂತು ನನ್ನ ಕೈ ಕುಲುಕಿದ. ದೊಡ್ಡವರೊಬ್ಬರು ನನಗಾಗಿ ಎದ್ದು ನಿಂತದ್ದು ಅದೇ ಮೊದಲು. ಉಬ್ಬಿಹೋದೆ. ನಾಲ್ಕನೇ ಮಹಡಿಯ ಸಂಗೀತದ ಮೇಷ್ಟ್ರು ಬುಧವಾರ ಹೊರಡುತ್ತಾರೆ, ಹತ್ತು ದಿನ ಬರುವುದಿಲ್ಲ ಎಂದು ಅವನು ಕೇಳುವ ಮೊದಲೇ ಒದರಿದೆ. ಥೂ, ನನ್ನ ಬಾಯಿಗೆ!

ಗುರುವಾರ ಹಾಡುಹಗಲೇ ಲಾರಿ ಬಂತು. ನೀಲಿ ಅಂಗಿಯ ನಾಲ್ವರು ಮೇಷ್ಟ್ರ ಮನೆ ಗುಡಿಸಿ ಗುಂಡಾಂತರ ಮಾಡಿದರು. ಮೇಷ್ಟ್ರು ಮನೆ ಬದಲಾಯಿಸುತ್ತಿದ್ದಾರೆ ಅಂದುಕೊಂಡು ಕಾವಲುಗಾರನೇ ಫ್ರಿಜ್ಜಿಗೆ ಕೈ ಕೊಟ್ಟನಂತೆ! ನಾನು ಆಗ ಶಾಲೆಯಲ್ಲಿದ್ದೆ. ಅದೇ ತಿಂಗಳಲ್ಲಿ ಪಕ್ಕದ ಕಟ್ಟಡದ ಎರಡು ಮನೆಗಳೂ ಹೀಗೇ ಖಾಲಿಯಾಗಿದ್ದವು. ಮೂರೂ ಮನೆಯವರು ಬಟ್ಟೆ ಕೊಡುತ್ತಿದ್ದದ್ದು ಅಪ್ಪನಿಗೆ.

ಮೇಷ್ಟ್ರು ವಾಪಸು ಬಂದ ಮರುದಿನ ಪೊಲೀಸರು ಅಪ್ಪನನ್ನು ಕರೆದೊಯ್ದರು. ಸಾಯಂಕಾಲ ಕಾವಲುಗಾರ ನೀಲಿ ಅಂಗಿಯ ವಿಷಯ, ಎದೆಯ ಮೇಲಿನ ಲಾರಿಯ ವಿಷಯ ಹೇಳುತ್ತಿದ್ದ. ಮನೆಗೆ ಓಡಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ, ಐಸ್‌ಕ್ರೀಮಿನಿಂದ ಹಿಡಿದು.

ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ‘ಮಾಮ ಅಂಥವನಲ್ಲ. ಇನ್ನೊಂದ್ಸಲ ಆ ಮಾತು ಆಡಿದ್ರೆ ನೋಡು,’ ಅಂದಳು. ಆದರೆ ಹೆಚ್ಚಿದ ತರಕಾರಿಯನ್ನೇ ಮತ್ತೆ ಹೆಚ್ಚುತ್ತಿದ್ದಳು. ನಾನು ನೋಡಿದೆ.

ಮರುದಿನ ಶಾಲೆಗೆಂದು ಹೊರಟವಳು ನೆಟ್ಟಗೆ ಪೊಲೀಸ್ ಠಾಣೆಗೆ ಹೋದೆ. ಅಪ್ಪ ಬೆಂಚಿನ ಮೇಲೆ ಕೂತಿದ್ದ. ಊಟದ ಡಬ್ಬಿ ಹಿಡಿದು ಅಮ್ಮನೂ ಅಲ್ಲೇ ನಿಂತಿದ್ದಳು. ‘ಸಾಯಂಕಾಲ ಕರ್ಕೊಂಡು ಹೋಗಮ್ಮ. ಯಾರು ಯಾವಾಗ ಊರಿಗೆ ಹೋಗ್ತಾರೆ ಅಂತ ಇವನಿಗೆ ಹೇಗೆ ಗೊತ್ತಾಗ್ಬೇಕು? ಯಾರ ಮನೆ ಒಳಗೂ ಹೋದೋನಲ್ಲ,’ ಅಂತ ಇನ್ಸ್‌ಪೆಕ್ಟರ್ ಹೇಳುತ್ತಿದ್ದರು.

ಆ ಮಾತಿನ ಅರ್ಥ ನನಗೆ ಆಗಲಿಲ್ಲ. ಅಪ್ಪನನ್ನು ಬಿಡಿಸಬೇಕು, ಅಷ್ಟೇ ತಲೆಯಲ್ಲಿದ್ದದ್ದು. ‘ಸಾರ್, ಕದ್ದಿದ್ದು ಮಾಮ! ಹೇಳಿದ್ದು ನಾನು!’ ಅಂದೆ. ಗಂಟು ಬಿಚ್ಚಿದರೆ ಏನೇನು ತಿಳಿಯುತ್ತದೆ, ಸ್ವೆಟರ್ ಬಂದರೆ ಏನು, ಏಳು ಜೊತೆ ಬಂದರೆ ಏನು, ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ.

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. ಮೊದಲು ಅಮ್ಮನ ಕಡೆ ತಿರುಗಿದರು. ‘ನಿನ್ನ ತಮ್ಮ ನಿಮ್ಮ ಮನೆಗೆ ಬರ್ತಾನೇನಮ್ಮಾ?’

ಅಮ್ಮ ನನ್ನ ಮುಖ ನೋಡಿದಳು. ನೆಟ್ಟಗೆ ನನ್ನನ್ನೇ ನೋಡುತ್ತ ಹೇಳಿದಳು: ‘ಇಲ್ಲ ಸಾರ್. ಅವನು ಬಂದು ವರ್ಷದ ಮೇಲಾಯ್ತು. ಇವಳಿಗೆ ಕಥೆ ಕಟ್ಟೋ ಚಟ.’

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಇವತ್ತಿಗೂ ಬರುತ್ತದೆ.

‘ಕಥೆ ಅಲ್ವಲ್ಲಮ್ಮ ಇದು,’ ಅಂದರು ಇನ್ಸ್‌ಪೆಕ್ಟರ್ ನಿಧಾನವಾಗಿ. ಆಮೇಲೆ ಅಪ್ಪನ ಕಡೆ ತಿರುಗಿದರು. ‘ನಿನ್ನೆಯಿಂದ ನಂಗೇನೂ ಗೊತ್ತಿಲ್ಲ, ನಂಗೇನೂ ಗೊತ್ತಿಲ್ಲ ಅಂತ ನನ್ನ ಕಿವಿ ಮೇಲೆ ಹೂವು ಇಡ್ತಿದ್ದೆ. ಹತ್ತು ವರ್ಷದ ಮಗಳಿಗೆ ಗೊತ್ತಾಗೋದು ನಿಂಗೆ ಗೊತ್ತಾಗಲ್ವಾ?’

ಅಮ್ಮನ ಕೈಯಿಂದ ಡಬ್ಬಿ ಬಿತ್ತು. ಸಾಕ್ಷಿ ಇಲ್ಲದೆ ಗಂಡ ಹೇಗೂ ಹೊರಗೆ ಬರುತ್ತಾನೆ, ಒಂದು ಸುಳ್ಳಿಗೆ ತಮ್ಮನೂ ಉಳಿಯುತ್ತಾನೆ ಎಂದು ಅವಳು ಲೆಕ್ಕ ಹಾಕಿದ್ದಳು. ‘ಬರ್ತಿದ್ದ ಸಾರ್, ತಪ್ಪಾಯ್ತು, ಹೋದ ವಾರಾನೂ ಬಂದಿದ್ದ!’ ಎಂದು ಕಾಲು ಹಿಡಿಯಲು ಹೋದಳು. ‘ಗಳಿಗೆಗೊಂದು ಮಾತು ಆಡ್ತೀಯಲ್ಲಮ್ಮ,’ ಅಂದರು ಅವರು. ಆದರೂ ನಾನು ಹೇಳಿದ ಆಫೀಸಿಗೆ ಪೇದೆಯನ್ನು ಕಳಿಸಿದರು. ಅಲ್ಲಿ ನಕ್ಷೆಯೂ ಇರಲಿಲ್ಲ, ಮೇಜೂ ಇರಲಿಲ್ಲ, ಮಾಮನೂ ಇರಲಿಲ್ಲ. ಸಾಹುಕಾರನ ಹೆಸರು ಅಕ್ಕಪಕ್ಕದ ಯಾರಿಗೂ ಗೊತ್ತಿರಲಿಲ್ಲ. ಇಂಥ ತಂಡ ನಾಲ್ಕು ಊರುಗಳಲ್ಲಿದೆ, ಒಂದೊಂದು ಊರಿನಲ್ಲೂ ಒಬ್ಬ ಇಸ್ತ್ರಿಯವನೋ ಹಾಲಿನವನೋ ಸುದ್ದಿ ಕೊಡುತ್ತಾನೆ ಎಂದು ಆಮೇಲೆ ಹೇಳಿದರು. ಈ ಊರಿನ ಸುದ್ದಿಗಾರ ಅಪ್ಪ ಎಂದು ಬರೆದುಕೊಂಡರು.

ಅಪ್ಪನನ್ನು ಒಳಗೆ ಒಯ್ಯುವಾಗ ಅವನು ಅಮ್ಮನ ಕಡೆ ನೋಡಲಿಲ್ಲ. ನನ್ನ ಮುಂದೆ ನಿಂತ. ‘ನೀನು ನಿಜಾನೇ ಹೇಳಿದೆ, ಮಗಳೇ. ಅಂಗಡೀಲಿರೋ ಬಟ್ಟೆ ಎಲ್ಲಾ ಅವರವರಿಗೆ ಮುಟ್ಟಿಸಿಬಿಡು,’ ಅಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾಮ ಐಸ್‌ಕ್ರೀಮು ಕೊಡಿಸಿ ನನ್ನನ್ನು ಮಾರಿದ. ಅಮ್ಮ ನನ್ನ ಮುಖ ನೋಡಿಕೊಂಡೇ ನನ್ನನ್ನು ಸುಳ್ಳಿ ಮಾಡಿದಳು. ಅಪ್ಪ ಎರಡು ವರ್ಷ ಒಳಗಿದ್ದ, ನನ್ನ ಮಾತಿನಿಂದ.

ಆ ಸಾಯಂಕಾಲ ಒಬ್ಬಳೇ ಗಂಟುಗಳನ್ನು ಹೊತ್ತು ಎಂಟು ಮಹಡಿ ಹತ್ತಿದೆ. ಒಂದೊಂದೇ ಬಾಗಿಲು ತಟ್ಟಿದೆ. ಹಲ್ಲಿನ ಡಾಕ್ಟರ ಹೆಂಡತಿ ಬಾಗಿಲನ್ನು ಅರ್ಧವೇ ತೆರೆದರು. ಗಂಟು ಇಸಿದುಕೊಂಡು, ನನ್ನನ್ನು ಹೊರಗೇ ನಿಲ್ಲಿಸಿ, ಒಂದೊಂದೇ ಅಂಗಿ ತೆಗೆದು ಎಣಿಸಿಕೊಂಡರು.