ಮಂತ್ರಿಯ ಹೆಂಡತಿಯ ಚೀಟಿ

"ಅಮ್ಮನೋರ ಬಗ್ಗೆ ಒಂದೇ ಒಂದು ಪ್ರಸಂಗ ಹೇಳಮ್ಮಾ. ಜನರ ಮನಸ್ಸು ಮುಟ್ಟೋ ಹಾಗಿರಬೇಕು," ಎಂದು ಮಂತ್ರಿಗಳ ಪಿ.ಎ. ಪೆನ್ನಿನ ಮುಚ್ಚಳ ತೆಗೆದ.

ಮಗಳಿಗೆ ಮೈಯೆಲ್ಲ ಉರಿಯಿತು. ಮೂವತ್ತೈದು ವರ್ಷ ಸಂಸಾರ ಮಾಡಿದ ಮಂತ್ರಿಗಳಿಗೆ ಹೆಂಡತಿಯ ಬಗ್ಗೆ ಆಡಲು ಸ್ವಂತದ ಎರಡು ಮಾತಿಲ್ಲ. ಸಂಜೆಯ ಸಂತಾಪ ಸಭೆಗೆ ಭಾಷಣ ಬರೆಯುವವನು ಪಿ.ಎ., ಸರಕು ಒದಗಿಸುವವಳು ಮಗಳು. ಎದ್ದು ಹೋಗೋಣ ಅನ್ನಿಸಿತು. ಆದರೆ ಇಂಥ ಸಮಯ ಮತ್ತೆ ಸಿಕ್ಕೀತೇ? ಅಪ್ಪನೋ, ಬೇರೆಯವರು ಬರೆದುಕೊಟ್ಟದ್ದನ್ನು ಬರೆದ ಹಾಗೇ ಓದುವ ಮನುಷ್ಯ, ಮೊದಲೇ ತಿರುವಿ ನೋಡುವ ಅಭ್ಯಾಸವಿಲ್ಲ. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಒಂದೇ ಒಂದು ಸಲ, ಸತ್ತವಳ ಫೋಟೋದ ಮುಂದೆ, ನಾಲ್ಕು ಜನರೆದುರು ಬರಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಹೇಳಿದಳು. ತಮ್ಮನಿಗೆ ಆಗ ಆರು ವರ್ಷ. ಕಿವಿಯ ಹಿಂದೆ ಕೀವು ತುಂಬಿ ಜ್ವರ ಏರಿತ್ತು. ಆಪರೇಷನ್‌ಗೆ ತಂದೆಯ ಸಹಿಯೇ ಬೇಕೆಂದು ಆಸ್ಪತ್ರೆಯವರು ಪಟ್ಟು ಹಿಡಿದಿದ್ದರು. ಹೊಸದಾಗಿ ಮಂತ್ರಿಯಾದ ಹುರುಪಿನಲ್ಲಿ ಅಪ್ಪ ವಾರದಿಂದ ಮನೆ ಕಡೆ ತಲೆ ಹಾಕಿರಲಿಲ್ಲ. ಫೋನು ಮಾಡಿದರೆ ಮೀಟಿಂಗು. ಕೊನೆಗೆ ಅಮ್ಮ ಕಚೇರಿಗೇ ಹೋದಳು. ಅಲ್ಲಿ ಯಾರೇ ಬರಲಿ, ಹೆಸರನ್ನೂ ಬಂದ ಕೆಲಸವನ್ನೂ ಚೀಟಿಯಲ್ಲಿ ಬರೆದು ಒಳಗೆ ಕಳಿಸಬೇಕು. ಬಾಗಿಲಲ್ಲಿದ್ದ ಜವಾನನಿಗೆ ಅವಳ ಗುರುತಿಲ್ಲ; ಇಂಥವರ ಹೆಂಡತಿ ಎಂದು ಹೇಳಿಕೊಳ್ಳಲು ಅವಳಿಗೆ ಸಂಕೋಚ. ಹೆಸರು ಬರೆದು, ಕೆಳಗೆ 'ಮಗನ ಆಪರೇಷನ್, ಒಂದು ಸಹಿ' ಎಂದು ಸೇರಿಸಿ ಬೆಂಚಿನ ಮೇಲೆ ಕೂತಳು. ಮಧ್ಯಾಹ್ನ ಚೀಟಿ ವಾಪಸು ಬಂತು. ಅಡ್ಡಲಾಗಿ ಕೆಂಪು ಶಾಯಿಯಲ್ಲಿ 'ಸೋಮವಾರ ಬರಲಿ' ಎಂದಿತ್ತು. ಅಪ್ಪನದೇ ಅಕ್ಷರ. ಹೆಸರು ಓದುವಷ್ಟೂ ವ್ಯವಧಾನ ಇರಲಿಲ್ಲ, ಪುಣ್ಯಾತ್ಮನಿಗೆ.

ಸೋಮವಾರದ ಹೊತ್ತಿಗೆ ತಮ್ಮನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಮುಕ್ಕಾಲು.

ಆಮೇಲೆ ಅಮ್ಮನ ಬದುಕೆಲ್ಲ ಆ ಮಗನೇ. ಹತ್ತು ವರ್ಷ ಅವನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಬರೆದುಕೊಂಡು ಬಂದು, ಅವನ ಬಲಗಿವಿಗೆ ಬಾಯಿಟ್ಟು ಕೂಗಿ ಕೂಗಿ ಹೇಳಿಕೊಟ್ಟಳು. ಗಂಟಲು ಕೆಟ್ಟು ದನಿ ಗೊಗ್ಗರಾಯಿತು. ಆ ದನಿಗೆ ನಾಚಿ ಅಪ್ಪ ಅವಳನ್ನು ಸಮಾರಂಭಗಳಿಗೆ ಕರೆದೊಯ್ಯುವುದನ್ನೂ ಬಿಟ್ಟ.

ಪಿ.ಎ. ಕಣ್ಣೊರೆಸಿಕೊಂಡ. "ಇದನ್ನ ಖಂಡಿತ ಹಾಕ್ತೀನಮ್ಮಾ," ಎಂದ. ಹಾಕಿದ ಕೂಡ.

ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಚೀಟಿಯ ಪ್ರಸಂಗ ಬಂದಾಗ ಮುಂದಿನ ಸಾಲಿನಲ್ಲಿದ್ದ ಮಗಳು ಮುಂದಕ್ಕೆ ಬಾಗಿದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು ಓದಿದ:

"ಕೈಹಿಡಿದ ಹೆಂಡತಿ ಬಂದಾಗಲೂ ನಾನು ಸರದಿ ಮುರಿಯಲಿಲ್ಲ. ಸೋಮವಾರ ಬರಲಿ ಎಂದೆ. ಆ ತಾಯಿ ಒಂದು ಮಾತೂ ಎದುರಾಡದೆ ಎದ್ದು ಹೋದಳು. ನನ್ನ ಪ್ರಾಮಾಣಿಕತೆಯಲ್ಲಿ ಅರ್ಧ ಪಾಲು ಅವಳದು."

ಕಿವಿಯ ಸುದ್ದಿಯೇ ಇಲ್ಲ. ಸಂತಾಪ ಸಭೆ ಎಂಬುದನ್ನೂ ಮರೆತು ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ತಮ್ಮ ಸುತ್ತಲೂ ನೋಡಿದ. ಎಲ್ಲರೂ ತಟ್ಟುತ್ತಿರುವುದನ್ನು ಕಂಡು ತಾನೂ ಜೋರಾಗಿ ತಟ್ಟತೊಡಗಿದ.

"ಅಪ್ಪ ಅಮ್ಮನ ಬಗ್ಗೆ ಏನಂದ್ರು ಅಕ್ಕಾ?" ಎಂದು ಕೇಳಿ, ತಟ್ಟುತ್ತಲೇ ಬಲಗಿವಿಯನ್ನು ಅವಳ ಬಾಯಿಯ ಹತ್ತಿರ ತಂದ.