ಹತ್ತು ಹನ್ನೆರಡರಿಂದ ಎರಡು ಮೂವತ್ತೆಂಟು

ಕಡಲಹಕ್ಕಿಯೊಂದು ಕಾರಿನ ಮೂತಿಯ ಮೇಲೆ ಬಂದು ಕೂತಿದೆ, ಒಂದು ಕಾಲು ಮಡಚಿಕೊಂಡು, ನೇರವಾಗಿ ನೋಡಿದರೆ ಅದಕ್ಕೆ ತಲೆಯೇ ಇಲ್ಲ, ಬರೀ ಬಿಳಿ ಮೈ, ದೃಷ್ಟಿಯನ್ನು ಎರಡು ಬೆರಳಷ್ಟು ಪಕ್ಕಕ್ಕೆ ಸರಿಸಿದರೆ ತಲೆ ಬರುತ್ತದೆ, ಹಳದಿ ಕೊಕ್ಕು ಬರುತ್ತದೆ, ಆಗ ಕಾಲು ಹೋಗುತ್ತದೆ — ಹೀಗಾಗಿದೆ ನನ್ನ ಕಣ್ಣು, ನಡುವಿನದೆಲ್ಲ ಕರಗಿ ಅಂಚು ಮಾತ್ರ ಉಳಿದಿದೆ, ನೋಡಬೇಕಾದ್ದನ್ನ ನೇರ ನೋಡ್ಬೇಡಿ ಮಾರಿಸ್, ಪಕ್ಕಕ್ಕೆ ನೋಡೋದನ್ನ ರೂಢಿ ಮಾಡ್ಕೊಳ್ಳಿ ಎಂದಳು ಕಣ್ಣಾಸ್ಪತ್ರೆಯ ಹುಡುಗಿ, ಅದನ್ನು ಐವತ್ತಾರು ವರ್ಷದಿಂದ ಮಾಡುತ್ತಲೇ ಬಂದಿದ್ದೇನೆ ತಾಯಿ ಎನ್ನಬೇಕೆನಿಸಿತು. ಹೆಂಡತಿ ಥೆಲ್ಮಾ ಒಳಗೆ ಹೋಗಿ ಎಷ್ಟು ಹೊತ್ತಾಯಿತು, ಒಂದೇ ಒಂದು ಹಾಳೆಯ ನಕಲು ತರುವುದಕ್ಕೆ, ಕೂತಿರು ಬಂದೆ ಎಂದಳು, ಇಂಜಿನ್ ಆರಿಸಿ ಬೀಗದ ಕೈ ತೆಗೆದುಕೊಂಡೇ ಹೋದಳು, ನಾನೇನು ಓಡಿಸಿಕೊಂಡು ಹೋಗುತ್ತೇನೆಯೇ, ಕಾರು ನನ್ನ ಹೆಸರಿನಲ್ಲಿದೆ ಅಷ್ಟೇ, ನಾಲ್ಕು ವರ್ಷದಿಂದ ಓಡಿಸುವವಳು ಅವಳು, ನಾನು ಪಕ್ಕದ ಸೀಟಿನ ಸಾಮಾನು. ತೊಡೆಯ ಮೇಲೆ ಆ ಕಾಗದ. ಕಾಗದದಲ್ಲಿ ನಮ್ಮ ಕಾರಿನ ಎರಡು ಚಿತ್ರ. ಒಂದರ ಕೆಳಗೆ ಗಂಟೆ ಹತ್ತು ಹನ್ನೆರಡು, ಇನ್ನೊಂದರ ಕೆಳಗೆ ಎರಡು ಮೂವತ್ತೆಂಟು, ಎರಡನೆಯದರಲ್ಲಿ ಗಾಜಿನ ಹಿಂದೆ ಅವಳ ಮುಖವಿಲ್ಲ, ಬರೀ ಬೆಳಕು, ಬೆಳಕಿನ ಪಕ್ಕದಲ್ಲಿ ಕೈ, ಮೇಲಕ್ಕೆತ್ತಿದ ಕೈ, ಅಂಗೈ ಹೊರಕ್ಕೆ — ಯಾರಿಗೆ ಬೀಸುತ್ತಿದ್ದಾಳೆ?

ಹಾಗೆ ನೋಡಿದರೆ ಆ ಕಾಗದ ಅವಳ ಕೈಗೇ ಸಿಗಬೇಕಿತ್ತು, ನಮ್ಮನೆಗೆ ಬರುವ ಕಾಗದವನ್ನೆಲ್ಲ ಒಡೆದು ಓದುವವಳು ಅವಳು, ನನಗೆ ಓದು ಮೊದಲಿನಿಂದಲೂ ಕಷ್ಟ, ಹದಿನೈದಕ್ಕೆ ಹಡಗು ಹತ್ತಿದವನು, ಅಕ್ಷರಗಳು ಒಂದೊಂದಾಗಿ ಮೇಲೆ ಬರಬೇಕು ನನಗೆ, ಬಲೆಯಲ್ಲಿ ಮೀನು ಬಂದ ಹಾಗೆ, ಆದರೆ ಅವತ್ತು ಅವಳು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು, ಲಕೋಟೆಯ ಮೇಲೆ ನನ್ನ ಹೆಸರಿತ್ತು, ಮಾರಿಸ್ ಗಾರ್ಬಟ್, ಕಾರಿನ ಒಡೆಯರಿಗೆ. ಭೂತಗನ್ನಡಿ ಹಿಡಿದು ಅಡುಗೆಮನೆಯ ಮೇಜಿನ ಮೇಲೆ ನೋಡಿದೆ, ಅಕ್ಷರ ಓದುವ ಮೊದಲೇ ಕೈ ಕಂಡಿತು. ನಡುಬೆರಳು ಸೊಟ್ಟ. ಬಲೆ ಹೆಣೆದು ಹೆಣೆದು ಸೊಟ್ಟಗಾದ ಬೆರಳು, ಹದಿನಾರರಿಂದ ಮೂವತ್ತರವರೆಗೆ ಹುರಿ ಎಳೆದ ಕೈ ಅದು, ಗ್ರಿಮ್ಸ್‌ಬಿ ಊರಿನ ಅಷ್ಟೂ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಬರೀ ಕೈ ತೋರಿಸಿದರೂ ಹೆಕ್ಕಿ ತೆಗೆದೇನು. ಅವಳು ಒಳಗೆ ಬಂದಳು, ನೋಡಿದಳು, ಬುಟ್ಟಿ ಕೆಳಗಿಟ್ಟಳು, ಓ ಅದಾ, ಸೂಪರ್‌ಮಾರ್ಕೆಟ್‌ನವರದು, ಎರಡು ಗಂಟೆಗಿಂತ ಜಾಸ್ತಿ ನಿಲ್ಲಿಸಿದ್ರೆ ಕಳಿಸ್ತಾರೆ, ಕಟ್ಟಿಬಿಡೋಣ ಬಿಡು, ಬೇಗ ಕಟ್ಟಿದ್ರೆ ಅರ್ಧ. ಕಟ್ಟಿಬಿಡೋಣ! ಇದನ್ನು ಹೇಳಿದವಳು ಥೆಲ್ಮಾ, ಬ್ರೆಡ್ಡಿನ ಬೆಲೆ ನಾಲ್ಕು ಪೆನ್ನಿ ಏರಿದರೆ ಅಂಗಡಿ ಬದಲಾಯಿಸುವವಳು. ಅಲ್ಲೇ ನನ್ನ ಎದೆಯೊಳಗೆ ಹಗ್ಗ ಬಿಗಿಯಿತು.

ನಾಲ್ಕು ಗಂಟೆ ಇಪ್ಪತ್ತಾರು ನಿಮಿಷ ಏನು ಕೊಂಡೆ? ಸಾಲು ಉದ್ದ ಇತ್ತು ಕಣೋ. ಅಷ್ಟು ಉದ್ದವಾ, ಸಾಲೇನು ಹಲ್ ಊರಿನವರೆಗೂ ಹೋಗಿತ್ತಾ? ನಗಲಿಲ್ಲ ಅವಳು. ಪಕ್ಕದ ಮನೆಯ ಜಾನಿಸ್ ಬಂದು ನೋಡಿದಳು, ಜಾನಿಸ್ ಮೊದಲು ಪುರಸಭೆಯಲ್ಲಿ ಕೆಲಸಕ್ಕಿದ್ದವಳು, ಕಾಗದ ಓದುವುದೆಂದರೆ ಅವಳಿಗೆ ಮಿಠಾಯಿ, ಅಯ್ಯೋ ಮಾರಿಸ್, ಇದು ದಂಡ ಅಲ್ಲ, ಪೊಲೀಸರದೂ ಅಲ್ಲ, ಯಾವುದೋ ಖಾಸಗಿ ಕಂಪನಿಯವರ ಬೇಡಿಕೆ, ದಂಡದ ವೇಷ ಹಾಕ್ಕೊಂಡು ಬಂದಿದೆ ಅಷ್ಟೇ, ಕಟ್ಟಬೇಡಿ, ಹಾಗಂತ ಒಲೆಗೂ ಹಾಕ್ಬೇಡಿ, ಆಕ್ಷೇಪಣೆ ಬರೀಬೇಕು, ಥೆಲ್ಮಾ, ನೀವು ಅವತ್ತು ಎರಡು ಸಲ ಹೋಗಿದ್ರಾ ಅಲ್ಲಿಗೆ? ಥೆಲ್ಮಾ ಕೆಟಲಿನ ಕಡೆ ತಿರುಗಿ, ಹೂಂ, ಇರಬೇಕು ಎಂದಳು. ನೋಡಿದ್ರಾ, ಇದು ಇವರ ಹಳೇ ರೋಗ, ಬೆಳಿಗ್ಗೆ ಹೊರಗೆ ಹೋಗಿದ್ದನ್ನ ಕ್ಯಾಮೆರಾ ನೋಡಿಲ್ಲ, ಹಿಂದೆ ಬ್ರೆಡ್ ಲಾರಿನೋ ಏನೋ ಅಡ್ಡ ಬಂದಿರುತ್ತೆ, ಮಧ್ಯಾಹ್ನ ಮತ್ತೆ ಒಳಗೆ ಬಂದಿದ್ದನ್ನೂ ನೋಡಿಲ್ಲ, ಮೊದಲ್ನೇ ಸಲ ಬಂದಿದ್ದು, ಕೊನೇ ಸಲ ಹೋಗಿದ್ದು, ಎರಡನ್ನೇ ಸೇರಿಸಿ ನಾಲ್ಕು ಗಂಟೆ ನಿಂತಿದ್ರಿ ಅಂತಿದೆ, ರಸೀದಿ ಹುಡುಕಿ. ಎರಡು ಸಲ. ಅಂದರೆ ನಡುವೆ ಎಲ್ಲೋ ಹೋಗಿದ್ದಳು, ನಡುವೆ, ನನ್ನ ಕಣ್ಣಿನ ಹಾಗೆ, ಎರಡು ಅಂಚು ಇದೆ, ನಡುವಿನದಿಲ್ಲ.

ರಸೀದಿ ಹುಡುಕಿದವನು ನಾನೇ. ಅವಳ ನೀಲಿ ಕೋಟಿನ ಜೇಬಿನಲ್ಲಿ ಎರಡೂ ಇದ್ದವು, ಮದುವೆಯಾಗಿ ಐವತ್ತೆಂಟು ವರ್ಷದಲ್ಲಿ ಅವಳ ಜೇಬಿಗೆ ಕೈ ಹಾಕಿದ್ದು ಅದೇ ಮೊದಲು, ಹಾಕಿದ ಮೇಲೆ ತೆಗೆಯುವುದು ಹೇಗೆಂದು ಗೊತ್ತಾಗಲಿಲ್ಲ, ಕೋಟು ನನ್ನನ್ನೇ ಹಿಡಿದುಕೊಂಡಂತೆ ನಿಂತೆ. ಎರಡನೆಯ ರಸೀದಿಯಲ್ಲಿ ಹಾಲು, ಬ್ರೆಡ್ಡು, ಹ್ಯಾಡಾಕ್ ಮೀನು ಎರಡು ತುಂಡು, ಅದು ನಾನು ತಿಂದದ್ದು. ಮೊದಲನೆಯದರಲ್ಲಿ ಬೀಜವಿಲ್ಲದ ದ್ರಾಕ್ಷಿ, ಮೆತ್ತನೆಯ ಟಾಫಿ, ಕ್ಷೌರದ ನೊರೆ. ದ್ರಾಕ್ಷಿ ಮನೆಗೆ ಬರಲಿಲ್ಲ. ಟಾಫಿ ಬರಲಿಲ್ಲ. ಕ್ಷೌರದ ನೊರೆ — ನಾನು ಗಡ್ಡದವನು, ಹತ್ತೊಂಬತ್ತರಿಂದ ಗಡ್ಡ. ಯಾರ ಕೆನ್ನೆಗೆ, ಥೆಲ್ಮಾ? ಕೇಳಲಿಲ್ಲ, ಎರಡು ರಸೀದಿಗಳನ್ನೂ ಜಾನಿಸ್‌ಗೆ ಕೊಟ್ಟೆ, ಅವಳು ಚೆಂದವಾಗಿ ಬರೆದು ಕಳಿಸಿದಳು, ಮೂರು ವಾರಕ್ಕೆ ಉತ್ತರ ಬಂತು, ರಸೀದಿಯಿಂದ ನೀವು ಎರಡು ಸಲ ಕೊಂಡದ್ದು ಗೊತ್ತಾಗುತ್ತದೆ, ಕಾರು ಹೊರಗೆ ಹೋಗಿತ್ತೆಂದು ಗೊತ್ತಾಗುವುದಿಲ್ಲ, ಆ ಹೊತ್ತಿನಲ್ಲಿ ಕಾರು ಬೇರೆಲ್ಲೋ ಇತ್ತೆಂಬುದಕ್ಕೆ ಪುರಾವೆ ಕೊಡಿ, ಇಲ್ಲವೇ ಪೂರ್ತಿ ಕಟ್ಟಿ, ಒಪ್ಪದಿದ್ದರೆ ಮೇಲಿನವರಿಗೆ ಬರೆಯಿರಿ. ನಾನು ಯಾರನ್ನೂ ಕೇಳಲಾರದ ಪ್ರಶ್ನೆಯನ್ನು ಆ ಕಂಪನಿಯವರು ಅಚ್ಚು ಹಾಕಿಸಿ ಮನೆಗೆ ಕಳಿಸಿದ್ದರು. ಅವರ ಕಾಗದವನ್ನು ಅವಳ ತಟ್ಟೆಯ ಪಕ್ಕ ಇಟ್ಟೆ. ಎಲ್ಲಿತ್ತು ಅಂತ ಕೇಳ್ತಿದ್ದಾರೆ ನೋಡು, ಎಂದೆ. ಅವಳು ಮೊಟ್ಟೆಯ ತಲೆಯನ್ನು ಚಮಚದಿಂದ ಒಡೆದಳು. ಕಟ್ಟಿಬಿಡೋಣ ಮಾರಿಸ್, ನನ್ನ ದುಡ್ಡಿಂದ ಕಟ್ತೀನಿ. ಕಟ್ಟೋದಿಲ್ಲ. ಹಠ ನಿಂದು. ಹೂಂ, ಹಠ.

ಆ ಹಠಕ್ಕೆ ಹೆಸರಿದೆ, ನನಗೆ ಗೊತ್ತಿತ್ತು, ಆಗಲೇ ಗೊತ್ತಿತ್ತು, ಸಿರಿಲ್ ಟಾಸ್ಕರ್. ಐಸ್ ಕಾರ್ಖಾನೆಯ ಸಿರಿಲ್, ನುಣ್ಣನೆ ಕೆನ್ನೆಯ ಸಿರಿಲ್, ಬಂದರಿನ ದಕ್ಕೆಯ ಮೇಲೆ ನಿಂತು ನಮ್ಮ ಹಡಗಿನ ಹೊಟ್ಟೆಗೆ ಪುಡಿ ಐಸು ಸುರಿಯುತ್ತಿದ್ದವನು, ಹೊಟ್ಟೆ ತುಂಬಿದ್ಯೇನೋ ಮಾರಿಸ್, ಹೋಗ್ಬಾ, ಊರು ನಾನು ನೋಡ್ಕೊತೀನಿ ಎಂದು ಕೂಗುತ್ತಿದ್ದ, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಮೂರು ವಾರ ಕಡಲು, ಮೂರು ದಿನ ಮನೆ, ಮತ್ತೆ ಮೂರು ವಾರ ಕಡಲು. ಮೂರು ವಾರ ಅವನ ಐಸಿನ ಮೇಲೆ ನಮ್ಮ ಮೀನು ಮಲಗಿರುತ್ತಿತ್ತು, ಅವನು ಮಾತ್ರ ಊರಲ್ಲೇ ಇರುತ್ತಿದ್ದ, ಮಧ್ಯಾಹ್ನದ ಊಟದ ಬಿಡುವಿಗೆ ಥೆಲ್ಮಾ ಬಲೆ ಹೆಣೆಯುತ್ತಿದ್ದ ಶೆಡ್ಡಿನ ಬಾಗಿಲಲ್ಲಿ, ಹೆಂಗಸರಿಗೆ ಟಾಫಿ ಹಂಚುತ್ತಾ, ಮೆತ್ತನೆಯ ಟಾಫಿ. ಈಗ ಆ ಶೆಡ್ಡು ಇದ್ದ ಜಾಗದಲ್ಲೇ ಸೂಪರ್‌ಮಾರ್ಕೆಟ್, ಕ್ಯಾಮೆರಾದ ಕಂಬ ಇರುವುದು ಆ ಬಾಗಿಲು ಇದ್ದಲ್ಲಿ, ಆಗಲೇ ಒಂದು ಕಂಬ ನೆಟ್ಟಿದ್ದರೆ, ಯಾರು ಎಷ್ಟು ಗಂಟೆಗೆ ಬಂದ, ಎಷ್ಟು ಗಂಟೆಗೆ ಹೋದ, ಎಲ್ಲ ಬರೆದಿಡುವ ಕಂಬ, ಐಸ್‌ಲ್ಯಾಂಡಿನ ಆಚೆ ನಾನು ಹಾಸಿಗೆಯಲ್ಲಿ ಕಣ್ಣು ತೆರೆದು ಮಲಗಿ ಬೇಡಿದ್ದು ಅಂಥದ್ದೇ ಒಂದು ಕಂಬವನ್ನು. ಅರವತ್ತೆಂಟರ ಚಳಿಗಾಲದಲ್ಲಿ ನಮ್ಮ ಹಡಗಿನ ರೇಡಿಯೊ ತಂತಿಯೆಲ್ಲ ಹೆಪ್ಪುಗಟ್ಟಿ ನಾಲ್ಕು ದಿನ ಊರಿಗೆ ಸುದ್ದಿಯಿಲ್ಲ, ನಾವು ಕೊಡಲಿ ಹಿಡಿದು ಐಸು ಕಡಿಯುತ್ತಿದ್ದೆವು, ಕಡಿಯದಿದ್ದರೆ ಹಡಗು ಮಗುಚುತ್ತದೆ, ಊರಲ್ಲಿ ಹೆಂಗಸರು ರೇಡಿಯೊಗೆ ಕಿವಿ ಹಚ್ಚಿ ಕೂತಿದ್ದರು, ಹಡಗುಗಳ ಮಾತು ಅದರಲ್ಲಿ ಬರುತ್ತಿತ್ತು, ನಮ್ಮ ಮನೆಯ ರೇಡಿಯೊಗೆ ಸರಿಯಾಗಿ ಕೇಳಿಸಲೆಂದು ಬಟ್ಟೆ ಹಗ್ಗದುದ್ದಕ್ಕೂ ತಂತಿ ಎಳೆದವನು ಸಿರಿಲ್. ಕಲ್ಲಿದ್ದಲು ತಂದವನು ಸಿರಿಲ್. ನಾನು ತಿರುಗಿ ಬಂದು ಬಾಗಿಲಲ್ಲಿ ನಿಂತಾಗ ಅವಳು ನನ್ನ ಎದೆಗೆ ತಲೆ ಇಟ್ಟಳು, ನಿಜ, ಗಟ್ಟಿಯಾಗಿ ಇಟ್ಟಳು, ಆದರೆ ಅವಳ ತಲೆಯ ಮೇಲಿಂದ ನನಗೆ ಕಂಡದ್ದು ಗೋಡೆಯ ಹಲಗೆಯ ಮೇಲೆ ನನ್ನ ಚಹದ ಲೋಟ, ಹಿಡಿ ಎಡಕ್ಕೆ ತಿರುಗಿತ್ತು. ಸಿರಿಲ್ ಎಡಚ. ಕೇಳಲಿಲ್ಲ. ಐವತ್ತಾರು ವರ್ಷ ಲೋಟದ ಹಿಡಿಯನ್ನು ಬಲಕ್ಕೆ ತಿರುಗಿಸಿ ಇಟ್ಟಿದ್ದೇನೆ, ಕೇಳಲಿಲ್ಲ.

ಮತ್ತೆ ಕೈ. ಅವಳು ನನಗೆ ಎಂದೂ ಕೈ ಬೀಸಿದವಳಲ್ಲ. ನಮ್ಮ ಕಡೆ ಬೀಸುವುದಿಲ್ಲ, ಹಡಗಿಗೆ ಹೊರಟವನಿಗೆ ಕೈ ಬೀಸಿದರೆ ಅಲೆ ಅವನನ್ನು ಉಳಿಸಿಕೊಳ್ಳುತ್ತದೆ, ಹೊರಟ ದಿನ ಬಟ್ಟೆ ಒಗೆದರೆ ಅವನೂ ತೊಳೆದುಹೋಗುತ್ತಾನೆ, ದಕ್ಕೆಗೆ ಹೆಂಗಸರು ಬರುವಂತಿಲ್ಲ, ಹಾಗಾಗಿ ಉಬ್ಬರದ ಹೊತ್ತಿಗೆ ನಾನು ಚೀಲ ಹೆಗಲಿಗೇರಿಸಿದಾಗ ಅವಳು ಒಲೆಯ ಕಡೆ ಮುಖ ಮಾಡಿ ಎರಡೂ ಕೈಯನ್ನು ಏಪ್ರನ್ನಿನ ಜೇಬಿಗೆ ತುರುಕಿ ನಿಲ್ಲುತ್ತಿದ್ದಳು, ಬಾಗಿಲು ಹಾಕ್ಕೊಂಡು ಹೋಗು ಎನ್ನುತ್ತಿದ್ದಳು, ಅಷ್ಟೇ, ಅದೇ ಪ್ರೀತಿ, ಆ ಜೇಬಿನೊಳಗಿನ ಎರಡು ಮುಷ್ಟಿಯನ್ನು ಕಡಲಿಗೆ ಒಯ್ಯುತ್ತಿದ್ದೆ ನಾನು. ಕಡಲು ಬಿಟ್ಟ ಮೇಲೂ ಬೀಸಲಿಲ್ಲ, ಬಸ್ಸು ಹತ್ತಿಸುವಾಗಲೂ ಇಲ್ಲ, ಕಣ್ಣಿನ ಆಪರೇಷನ್ನಿಗೆ ಒಳಗೆ ತಳ್ಳಿಕೊಂಡು ಹೋಗುವಾಗಲೂ ಇಲ್ಲ. ಚಿತ್ರದಲ್ಲಿ ಮಾತ್ರ ಬೀಸುತ್ತಿದ್ದಾಳೆ. ಯಾರಿಗೆ ಕೈ ಬೀಸಿದೆ ಥೆಲ್ಮಾ ಎಂದು ಇದೊಂದನ್ನು ಕೇಳಿಬಿಟ್ಟೆ, ಮೊಟ್ಟೆಯ ಬೆಳಿಗ್ಗೆಯೇ. ಬೀಸಿದ್ದೆಲ್ಲಿ ಬಂತು, ಬಿಸಿಲು ಕಣ್ಣಿಗೆ ಹೊಡೀತಿತ್ತು, ಅಡ್ಡ ಹಿಡಿದೆ ಅಷ್ಟೇ. ಅದಾಗಿ ಮೂರು ದಿನ. ಇವತ್ತು ಬೆಳಿಗ್ಗೆ ನನ್ನ ಕೋಟನ್ನು ತಂದು ಮಡಿಲಿಗೆ ಹಾಕಿದಳು, ಹಾಕ್ಕೋ, ನಿನ್ನ ಪುರಾವೆ ಕೊಡಿಸ್ತೀನಿ. ಕ್ಲೀಥೋರ್ಪ್ಸ್ ಕಡೆಯ ತಿರುವು, ಕೆಂಪು ಇಟ್ಟಿಗೆಯ ಎರಡಂತಸ್ತಿನ ಮನೆ, ವಯಸ್ಸಾದವರನ್ನು ಇರಿಸಿಕೊಳ್ಳುವ ಮನೆ, ಗಾಡಿ ನಿಲ್ಲಿಸಿ ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದಳು, ಸಿರಿಲ್ ಇಲ್ಲಿದ್ದ, ಅವತ್ತು ನಾನೂ ಇಲ್ಲೇ ಇದ್ದೆ. ಇದ್ದ ಅಂದ್ರೆ? ನಾನು ಬಂದುಹೋದ ಮಾರನೇ ದಿನ ತೀರ್ಕೊಂಡ. ತಿಂಗಳ ಮೇಲಾಯ್ತು. ನಾನು ಅಯ್ಯೋ ಎನ್ನಬೇಕಿತ್ತು, ಮನುಷ್ಯನಾದವನು ಅಯ್ಯೋ ಎನ್ನುತ್ತಾನೆ, ನನ್ನ ಬಾಯಿಂದ ಬಂದದ್ದು, ಎಷ್ಟು ಸಲ ಬಂದಿದ್ದೆ? ಅವಳು ನನ್ನ ಕಡೆ ತಿರುಗಿದಳು, ನೇರ ನೋಡಿದೆ, ಮುಖ ಇರಲಿಲ್ಲ.

ಹಕ್ಕಿ ಹಾರಿತು. ಬಂದಳು. ಬಾಗಿಲು ತೆಗೆದು ಕೂತಳು, ತಣ್ಣನೆ ಗಾಳಿಯ ಜೊತೆ ಆ ಮನೆಯ ವಾಸನೆ, ಬೇಯಿಸಿದ ಕೋಸು, ಮಾತ್ರೆ, ತಗೋ, ಇಲ್ಲಿ ಬಂದವರೆಲ್ಲ ಪುಸ್ತಕದಲ್ಲಿ ಬರೀಬೇಕು, ಕಾರಿನ ನಂಬರೂ ಬರೀಬೇಕು, ನೋಡ್ಕೋ. ಭೂತಗನ್ನಡಿ ಇಟ್ಟು ಬೆರಳಿನ ಕೆಳಗೆ ಒಂದೊಂದನ್ನೇ ತೆಗೆದೆ. ನಮ್ಮ ಕಾರಿನ ನಂಬರು, ಹೌದು. ಒಳಗೆ ಬಂದದ್ದು ಹತ್ತು ಐವತ್ತೈದು, ಹೊರಟದ್ದು ಒಂದು ಐವತ್ತು. ಯಾರನ್ನು ನೋಡಲು — ಟಾಸ್ಕರ್, ಒಂಬತ್ತನೇ ಕೋಣೆ. ಏನು ಸಂಬಂಧ — ಅವಳ ಅಕ್ಷರ, ಗುಂಡು ಗುಂಡು — ತಂಗಿ. ಸಿರಿಲ್‌ಗೆ ತಂಗಿ ಇರಲಿಲ್ಲವಲ್ಲ. ಇರಲಿಲ್ಲ, ಆದ್ರೆ ಕೊನೇ ದಿನಗಳು, ಮನೆಯವರಿಗೆ ಮಾತ್ರ ಬಿಡ್ತೀವಿ ಅಂದ್ರು, ಇನ್ನೇನು ಬರೀಲಿ ಹೇಳು? ಕ್ಷೌರ? ಮಾಡಿದೆ, ಗಡ್ಡ ಬೆಳೆಸ್ಕೊಂಡು ಹೋಗೋಕೆ ಅವನಿಗೆ ಮನಸ್ಸಿರಲಿಲ್ಲ, ನನ್ನ ಹತ್ರ ಕೇಳ್ದ, ಬೇರೆ ಯಾರಿದ್ರು ಅವನಿಗೆ? ನೀನು ಕಡಲಲ್ಲಿದ್ದಾಗ ಕಲ್ಲಿದ್ದಲು ತಂದವನು ಮಾರಿಸ್, ಬಾಗಿಲಲ್ಲೇ ಇಟ್ಟು ಹೋಗ್ತಿದ್ದವನು. ಬಾಗಿಲಲ್ಲೇ? ಬಾಗಿಲಲ್ಲೇ. ಲೋಟ ಎಂದು ಬಾಯಿಗೆ ಬಂತು, ನುಂಗಿದೆ, ಎಂಬತ್ತಾಯಿತು ನನಗೆ, ಒಂದು ಲೋಟದ ಹಿಡಿ ತಾನಾಗಿಯೂ ತಿರುಗೀತು, ತೊಳೆದು ಇಟ್ಟವರ ಕೈ ತಪ್ಪಿಯೂ ತಿರುಗೀತು. ಹಾಕ್ತೀಯೋ ಹರೀತೀಯೋ ನಿನ್ನಿಷ್ಟ, ಇಲ್ಲಿ ಸಹಿ ಬೇಕು, ಕಾರಿನ ಒಡೆಯ ಅಂತಿದೆಯಲ್ಲ, ಅದರ ಕೆಳಗೆ, ಎಂದು ಆಕ್ಷೇಪಣೆಯ ಹಾಳೆಯನ್ನು ಮೊಣಕಾಲ ಮೇಲೆ ಚಾಚಿದಳು, ಪೆನ್ನು ಕೊಟ್ಟಳು, ಹಡಗಿನ ಸಂಬಳದ ಪುಸ್ತಕದಲ್ಲಿ ಮಾಡುತ್ತಿದ್ದ ಹಾಗೆ ಎಂ ಬರೆದೆ, ಆಮೇಲೆ ಗಾರ್ಬಟ್, ಪೂರ್ತಿ ಬರೆದೆ, ಆಗ ಎದೆಯೊಳಗಿನ ಹಗ್ಗ ಒಂದು ಗೇಣು ಸಡಿಲವಾಯಿತು, ನಿಜವಾಗಿಯೂ ಆಯಿತು, ಅಂಚೆ ಡಬ್ಬಿ ಅಲ್ಲೇ ತಿರುವಿನಲ್ಲಿದೆ ಎಂದೆ, ಗೆದ್ದುಬಿಡ್ತೀವಿ ಬಿಡು ಎಂದೆ. ಅವಳು ನಕ್ಕಳೆಂದು ಕಾಣುತ್ತದೆ. ಅಯ್ಯೋ, ಪೆನ್ನು ಅವರದ್ದು ಕಣೋ, ಕೊಟ್ಟು ಬಂದೆ, ಎಂದು ಇಳಿದಳು.

ಹೋದಳು, ಬಾಗಿಲೊಳಗೆ ಕೈ ಚಾಚಿ ಯಾರಿಗೋ ಪೆನ್ನು ಕೊಟ್ಟಳು, ತಿರುಗಿ ಬರುತ್ತಿದ್ದಾಳೆ, ನೀಲಿ ಕೋಟು, ಜಲ್ಲಿಯ ಮೇಲೆ ಹೆಜ್ಜೆ, ನೇರ ನೋಡಬೇಡ ಮಾರಿಸ್, ಅಂಚೆ ಡಬ್ಬಿಯ ಕಡೆ ಮುಖ ಮಾಡು, ಮಾಡಿದೆ, ಈಗ ಅಂಚಿನಲ್ಲಿ ಅವಳು ಪೂರ್ತಿ ಇದ್ದಾಳೆ, ನಡುದಾರಿಯಲ್ಲಿ ಯಾಕೆ ನಿಂತಳು — ಮನೆಯ ಕಡೆ ತಿರುಗಿದಳು, ಮೇಲಿನ ಅಂತಸ್ತು, ಪರದೆ ಕಳಚಿದ ಒಂದು ಕಿಟಕಿ, ಒಂಬತ್ತನೇ ಕೋಣೆಯದೇ ಇರಬೇಕು, ಗಾಳಿಯಾಡಲೆಂದು ತೆರೆದಿಟ್ಟಿದ್ದಾರೆ, ಒಳಗೆ ಯಾರೂ ಇಲ್ಲ, ಹಾಸಿಗೆಯನ್ನು ಗೋಡೆಗೆ ಆನಿಸಿದ್ದಾರೆ, ಮೋಡ, ಬೆಳಗಿನಿಂದ ಮೋಡ, ಬಿಸಿಲಿನ ಸುಳಿವಿಲ್ಲ ಇವತ್ತು, ಎಲ್ಲೂ ಇಲ್ಲ, ಮತ್ತೆ ಅವಳ ಬಲಗೈ ಕೋಟಿನ ಜೇಬಿನಿಂದ ಹೊರಗೆ ಬಂತು, ಮೇಲಕ್ಕೆ ಹೋಗುತ್ತಿದೆ, ಹೆಗಲ ಮಟ್ಟ, ಕಿವಿಯ ಮಟ್ಟ, ಅಂಗೈ ಹೊರಕ್ಕೆ, ಸೊಟ್ಟ ನಡುಬೆರಳು, ಇಳಿಸು ಥೆಲ್ಮಾ, ಕೈ, ಇಳಿಸುತ್ತಿಲ್ಲ, ಬಿಸಿಲಿಲ್ಲದ ಆಕಾಶಕ್ಕೆ, ಆ ಕೈ —