ಅಳೆಯುವ ನೀರು

ನೀರಿಗೆ ಬಂದ ಜೀವಾನ ಬರಿಬಾಯೀಲೆ ಕಳಸಬ್ಯಾಡ, ಮಾತು ಕೊಡು ಅಂದಿದ್ದಳು ಅವ್ವ, ಲಿಂಗಸುಗೂರಿನ ಬಾವಿಯ ಮೆಟ್ಟಿಲ ಮೇಲೆ, ಸಣ್ಣ ಹುಡುಗಿ ಶಿವದೇವಿ ಹ್ಞೂಂ ಅಂದಿದ್ದಳು, ಕೊಡ ಭಾರವಾಗಿತ್ತು, ಏನು ಕೇಳಿದರೂ ಹ್ಞೂಂ ಅನ್ನುತ್ತಿದ್ದಳೇನೋ — ಈಗ ಅದೇ ಕೈಯಲ್ಲಿ ತಂತಿಯ ಜಾಲರಿ, ಬೆಳಗಿನ ಬಿಸಿಲಿಗೇ ಚುರ್ರೆನ್ನುತ್ತದೆ, ಹೈದರಾಬಾದಿನ ಮೇ ತಿಂಗಳು ನಮಗಿಂತ ಮೊದಲೇ ಎದ್ದು ಕೂತಿರುತ್ತದೆ, ನೀರಿನ ತೊಟ್ಟಿಗೆ ಹೊದಿಸಿದ್ದೇ ತಡ ಜಾಲರಿಯ ಮೇಲೊಂದು ಗೊರವಂಕ, ಹಳದಿ ಕೊಕ್ಕು ತಂತಿಯ ಸಂದಿಯೊಳಗಿಳಿದು ನೀರಿಗಿಂತ ಬೆರಳಷ್ಟು ಮೇಲೆಯೇ ನಿಂತಿದೆ, ಹೋಗೇ ತಾಯಿ, ಇದು ಕುಡಿಯುವ ನೀರಲ್ಲ, ಅಳೆಯುವ ನೀರು, ನೀನು ಕುಡಿದದ್ದನ್ನು ಸೂರ್ಯನ ಲೆಕ್ಕಕ್ಕೆ ಬರೆದುಬಿಡುತ್ತೇನೆ — ಒಣಬೇಸಾಯ ಕೇಂದ್ರದ ಈ ಅಂಗಳದಲ್ಲಿ ಅವಳ ಕೆಲಸವೇ ಅದು, ತೊಟ್ಟಿಯಿಂದ ದಿನಕ್ಕೆ ಎಷ್ಟು ನೀರು ಆವಿಯಾಯಿತೆಂದು ನೋಡುವುದು, ಮೂಸಿ ಹೊಳೆಯ ಬಯಲಿನ ಹೊಲಗಳಲ್ಲಿ ನೆಲ ಗಾಳಿಗೆ ಎಷ್ಟು ನೀರು ಬಿಡುತ್ತದೆ, ಜೋಳದ ಎಲೆ ಎಷ್ಟು ಬಿಡುತ್ತದೆ ಎಂಬುದೆಲ್ಲ ಆ ಅಂಕಿಯ ಮೇಲೇ ನಿಂತಿದೆ, ವರ್ಷ ವರ್ಷ ಬಿಸಿಲು ಏರುತ್ತಿದೆ, ಮಳೆ ಮೊದಲಿನಷ್ಟೇ ಬಿದ್ದರೂ ಹೊಳೆಗೆ ಬಂದು ಸೇರುವುದು ಕಡಿಮೆ, ಗಾಳಿ ನಡುದಾರಿಯಲ್ಲೇ ಕುಡಿದುಬಿಡುತ್ತದೆ, ನಿಜವೋ ನಿಮ್ಮ ಅಳತೆ ತಪ್ಪೋ ಎಂದು ಕೇಳುವವರ ಮುಂದೆ ಈ ಬೇಸಿಗೆಯ ಅಂಕಿಗಳನ್ನು ಇಡಬೇಕು, ಒಂದು ದಿನದ್ದು ಸುಳ್ಳಾದರೆ ಯಾರೂ ಬೇಸಿಗೆಯನ್ನೇ ನಂಬುವುದಿಲ್ಲ, ಆ ಒಂದು ದಿನ ಮೊನ್ನೆ ಬಂತು.

ಮಗಳು ವನಜಾಗೆ ಜ್ವರ, ಹಣೆಯ ಮೇಲೆ ಒದ್ದೆ ಬಟ್ಟೆ, ಅದು ಒಣಗಿದ ಹಾಗೆಲ್ಲ ಮೈ ತಣ್ಣಗಾಗುತ್ತಿತ್ತು, ಆವಿ ಒಳ್ಳೆಯದನ್ನೂ ಮಾಡುತ್ತದೆ ಅಂದುಕೊಂಡು ಕಣ್ಣುಜ್ಜುತ್ತ ಬಂದರೆ ತೊಟ್ಟಿಯಲ್ಲಿ ನೀರು ಏರಿದೆ — ಏನ್ರಿ ಶಿವದೇವಿ, ನಿಮ್ಮ ತೊಟ್ಟಿಗಷ್ಟ ಮಳಿ ಬಂದೈತಲ್ಲ, ನಮ್ಮನಿ ಕಡಿಗೂ ಒಂಚೂರು ಕಳಸ್ರಿ, ಅಂದರು ಹಿರಿಯ ವಿಜ್ಞಾನಿ ದತ್ತಾತ್ರೇಯ, ನಗಲಿಲ್ಲ ಮಾತ್ರ. ಹಿಂದೆಯೇ ಇರುವ ಕ್ವಾರ್ಟರ್ಸಿಗೆ ಹೋದರೆ ಅವ್ವ ಸೂಗಮ್ಮ ಉಳ್ಳಾಗಡ್ಡಿ ಹೆಚ್ಚುತ್ತ, ನಾನ ಹಾಕೀನಿ ಎರಡು ಕೊಡ, ನಿನ್ನಿ ಊಟದ ಡಬ್ಬಿ ತಂದಾಗ ನೋಡಿದೆ, ಹಕ್ಕಿ ಬಾಯಿ ಬಿಟ್ಟು ಕುಂತಿತ್ತು, ನೀರು ಕೆಳಗ ಹೋಗಿತ್ತು, ಸರಕಾರದವರು ತುಂಬೂದು ಮರತಾರ ಅಂದಕೊಂಡೆ. ಯವ್ವಾ, ಅದು ಅರವಟಗಿ ಅಲ್ಲ. ಮತ್ತ ನೀರು ಯಾಕ ಇಟ್ಟೀರಿ, ಒಣಗಸಾಕೇನು? ಹ್ಞೂಂ, ಒಣಗಸಾಕ. ಅವ್ವ ಈಳಿಗೆ ಬಿಟ್ಟು ನೋಡಿದಳು, ಇಷ್ಟು ಓದಿಸಿದ್ದು ಇದಕ್ಕೇನು ಅನ್ನುವ ಹಾಗೆ, ಶಿವದೇವಿಗೆ ನಗು ತಡೆಯಲಾಗಲಿಲ್ಲ, ಈಗಲೂ ಬರುತ್ತದೆ — ಆ ದಿನದ ಅಂಕಿಗೆ ಗೀಟು ಹೊಡೆದು ಪಕ್ಕದಲ್ಲಿ ‘ತಾಯಿ ನೀರು ಹಾಕಿದರು’ ಎಂದೇ ಬರೆದಳು, ದತ್ತಾತ್ರೇಯರು ಓದಿ, ಖರೇ ಬರದೀರಿ, ಇನ್ನ ಉಳಿದ ದಿನಾನೂ ನಂಬತಾರ ಬಿಡ್ರಿ, ಅಂದು ಸಹಿ ಹಾಕಿದರು, ಬೇಸಿಗೆ ಉಳಿಯಿತು.

ಜ್ವರವೂ ಬಿಟ್ಟಿದೆ, ಇವತ್ತು ಡಬ್ಬಿಯಲ್ಲಿ ಜೋಳದ ರೊಟ್ಟಿ, ಬೇಲಿಯಾಚೆ ಬೇವಿನ ನೆರಳಲ್ಲಿ ಅವ್ವ ಇಟ್ಟ ಮಣ್ಣಿನ ಬಟ್ಟಲು, ಮಧ್ಯಾಹ್ನಕ್ಕೆ ಅದೂ ಒಣಗುತ್ತದೆ, ಎಷ್ಟು ಹಕ್ಕಿ ಕುಡಿಯಿತು, ಎಷ್ಟು ಬಿಸಿಲು ಕುಡಿಯಿತು, ಯಾರೂ ಅಳೆಯುವುದಿಲ್ಲ, ಅಳೆಯದ ನೀರೂ ಒಂದಿಷ್ಟಿರಲಿ, ಶಿವದೇವಿ ಬಟ್ಟಲಿಗೆ ತಂಬಿಗೆ ಬಗ್ಗಿಸುತ್ತಾಳೆ, ಗೊರವಂಕ ಇನ್ನೂ ಜಾಲರಿ ಬಿಟ್ಟಿಲ್ಲ, ಹಳದಿ ಕೊಕ್ಕು ತಂತಿಯೊಳಗೆ, ನೀರಿಗಿಂತ ಬೆರಳಷ್ಟು ಮೇಲೆ, ಬಾರೇ, ಇಲ್ಲಿ ಬಾರೇ — ಹಾರಿತು, ಬೇಲಿ ದಾಟಿತು, ಹಳದಿ ಕೊಕ್ಕು, ಬಟ್ಟಲ ಅಂಚಿನಲ್ಲಿ ಹಳದಿ ಕೊಕ್ಕು, ಒದ್ದೆ.

ಅವ್ವನಿಗೆ ಕೊಟ್ಟ ಮಾತು ಉಳಿಯಿತು.